ವ್ಯಾಯಾಮದ ಲೆಕ್ಕವೂ ನಮ್ಮ ದೇಹವೂ

ಕನ್ನಡ ಪಾಠ ಹೇಳುವವನಿಗೆ ವ್ಯಾಯಾಮದ ಮಾತೇಕೆ ಎಂದು ತಲೆಬರಹ ನೋಡಿದವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕೆಲವು ವರ್ಷಗಳ ಹಿಂದೆ ದೈಹಿಕ ಶಿಕ್ಷಣದ ಅಧ್ಯಾಪಕರಿಲ್ಲದ ಒಂದು ಕಾಲದಲ್ಲಿ ಒಂಬತ್ತನೆಯ ತರಗತಿಯ ಆಟದ ಪಿರಿಯಡನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಶ್ರದ್ಧೆಯಿಂದಲೇ ಹೊರಟೆ. ಪತ್ರಿಕೆಗಳ ಆರೋಗ್ಯದ ಪುಟಗಳನ್ನು ಕತ್ತರಿಸಿಟ್ಟು, ಮೊಬೈಲಿಗೆ ಬಂದುದನ್ನು ನಕಲು ಮಾಡಿ, ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಕೆಂಪು, ನೀಲಿ ಶಾಯಿಯಲ್ಲಿ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ. ವಾರಕ್ಕೆ ಇಷ್ಟು ನಿಮಿಷ ವೇಗದ ನಡಿಗೆ. 220ರಿಂದ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ. ಎತ್ತರಕ್ಕೆ ತಕ್ಕ ತೂಕ. ಬರೆದುದೆಲ್ಲವೂ ಎಲ್ಲಿಯೋ ತಿಳಿದವರು ಹೇಳಿದ್ದೇ. ಅಕ್ಷರವೂ ಅಂದವಾಗಿತ್ತು.

ಪಟ್ಟಿಯ ಪ್ರಕಾರ ಮಕ್ಕಳನ್ನು ಮೈದಾನದ ಸುತ್ತ ನಾಲ್ಕು ಸುತ್ತು ಓಡಿಸಲು ತೊಡಗಿದೆ. ಒಬ್ಬ ಹುಡುಗಿ ಮಾತ್ರ ಪ್ರತಿ ಸಲವೂ ಎರಡನೆಯ ಸುತ್ತಿಗೇ ನಿಲ್ಲುತ್ತಿದ್ದಳು. ಮೂರನೆಯ ವಾರ ನನ್ನ ತಾಳ್ಮೆ ತಪ್ಪಿತು. "ಉದಾಸೀನ ಬಿಡು, ಓಡು!" ಎಂದು ಎಲ್ಲರ ಎದುರು ಗದರಿಸಿದೆ. ಅವಳು ಓಡಿದಳು. ಮೂರನೆಯ ಸುತ್ತಿನಲ್ಲಿ ಬೇಲಿಯ ಪಕ್ಕ ಕುಳಿತವಳು ಹಾಗೆಯೇ ವಾಲಿದಳು. ತುಟಿ ಬಿಳಿಚಿತ್ತು. ನೆರಳಿನಲ್ಲಿ ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು ಗಾಳಿ ಬೀಸಿದಾಗ ಕಣ್ಣು ತೆರೆದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ 8.2 ಗ್ರಾಂ. ಅವಳ ವಯಸ್ಸಿನ ಹುಡುಗಿಯರಿಗೆ ಕನಿಷ್ಠ 12 ಇರಬೇಕು.

ಹಿಮೋಗ್ಲೋಬಿನ್ ಎಂಬುದು ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತು. ಹೊರುವ ಕೂಲಿಯವರು ಮೂರರಲ್ಲಿ ಇಬ್ಬರೇ ಇದ್ದರೆ ಅದೇ ಹೊರೆಗೆ ಅವರು ಹೆಚ್ಚು ಸಲ ತಿರುಗಬೇಕಷ್ಟೆ? ಹಾಗೆಯೇ ಹೃದಯ ಹೆಚ್ಚು ವೇಗವಾಗಿ ಬಡಿಯಬೇಕು. ಉಳಿದವರಿಗೆ ಸಮತಟ್ಟಾದ ಮೈದಾನ ಆ ಹುಡುಗಿಗೆ ಗುಡ್ಡದ ಏರು. ನನ್ನ ಪಟ್ಟಿಯಲ್ಲಿ ಒಂದಂಕೆಯೂ ತಪ್ಪಿರಲಿಲ್ಲ. ಆದರೆ ಅವಳು ಆ ಪಟ್ಟಿಯಲ್ಲಿ ಇರಲಿಲ್ಲ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಹೋಗುವಾಗ ಮನಸ್ಸಿನಲ್ಲಿ ಅಂಜಿಕೆಯಿತ್ತು. ಆ ಭೇಟಿಯ ಸಂಗತಿಯನ್ನು ಮುಂದೆ ಹೇಳುವೆ. ಮೊದಲು ಆ ಅಂಕೆಗಳು ಎಲ್ಲಿಂದ ಬಂದವು ಎಂಬುದನ್ನು ನೋಡೋಣ. ಅದನ್ನು ಹುಡುಕಿ ಓದುವ ಬುದ್ಧಿ ನನಗೆ ಬಂದುದೇ ಆ ಘಟನೆಯ ಬಳಿಕ.

ಹತ್ತು ಸಾವಿರ ಹೆಜ್ಜೆಯ ಮಾತು ವೈದ್ಯರ ಬಾಯಿಂದ ಹುಟ್ಟಿದ್ದಲ್ಲ ಎಂದರೆ ನಿಮಗೆ ಅಚ್ಚರಿಯಾದೀತು. 1964ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದು ಆ ದೇಶದಲ್ಲಿ ಅಂಗಸಾಧನೆಯ ಉತ್ಸಾಹ ಹೆಚ್ಚಿತ್ತು. ಮರುವರ್ಷ ಅಲ್ಲಿಯ ಯಾಮಾಸಾ ಎಂಬ ಕಂಪೆನಿಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಒಂದು ಸಾಧನವನ್ನು ಮಾರುಕಟ್ಟೆಗೆ ತಂದು 'ಮಾನ್ಪೋಕೆಯ್' ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ನೆನಪಿನಲ್ಲಿ ಉಳಿಯುವ ದುಂಡು ಅಂಕೆ. ಮಾರಾಟದ ಹೆಸರು ಕ್ರಮೇಣ ಆರೋಗ್ಯದ ಸೂತ್ರವಾಯಿತು. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ ಸುಮಾರು 16,700 ವಯಸ್ಸಾದ ಮಹಿಳೆಯರ ಹೆಜ್ಜೆಗಳನ್ನು ಲೆಕ್ಕ ಹಾಕಿ ನೋಡಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500ರ ಬಳಿಕ ಹೆಚ್ಚಿನ ಇಳಿಕೆ ಕಾಣಲಿಲ್ಲ. ಒಳ್ಳೆಯ ಸಂಶೋಧನೆಯೇ. ಆದರೆ ಆ ಮಹಿಳೆಯರ ಸರಾಸರಿ ವಯಸ್ಸು 72. ಹದಿನಾಲ್ಕರ ಹುಡುಗನಿಗೆ ಇದನ್ನು ತಂದು ಅಂಟಿಸಿದರೆ ಮತ್ತೆ ಅದೇ ತಪ್ಪಾಗುತ್ತದೆ.

ಇನ್ನು 220ರಿಂದ ವಯಸ್ಸನ್ನು ಕಳೆಯುವ ಲೆಕ್ಕ. ಇದು 1971ರ ಸುಮಾರಿಗೆ ಅಮೆರಿಕದ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ವೈದ್ಯ ವಿಜ್ಞಾನಿಗಳು ಹಿಂದಿನ ಕೆಲವು ಅಧ್ಯಯನಗಳ ಅಂಕೆಗಳನ್ನು ಒಟ್ಟಿಗೆ ಇಟ್ಟಾಗ ಕಂಡ ಒಂದು ಸ್ಥೂಲ ರೇಖೆ. 45 ವಯಸ್ಸಿನ ನನಗೆ ಅದು 175 ಎನ್ನುತ್ತದೆ. ನಿಜವಾಗಿ ಅಳೆದರೆ ನನ್ನ ವಯಸ್ಸಿನ ಒಬ್ಬನದು 160 ಇರಬಹುದು, ಇನ್ನೊಬ್ಬನದು 190 ಇರಬಹುದು, ಇಬ್ಬರೂ ಆರೋಗ್ಯವಂತರೇ. 2001ರಲ್ಲಿ ತನಾಕಾ ಮೊದಲಾದವರು ಬೇರೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ ಎಂದು. ಹದಿನಾಲ್ಕರ ಮಗುವಿಗೆ ಮೊದಲನೆಯ ಸೂತ್ರ 206 ಎಂದರೆ ಎರಡನೆಯದು 198 ಎನ್ನುತ್ತದೆ. ಸೂತ್ರ ಸುಧಾರಿಸಿದರೂ ಒಬ್ಬೊಬ್ಬರ ನಡುವಿನ ಅಂತರ ಉಳಿದೇ ಇದೆ. ಪೋಷಕರಲ್ಲಿ ಒಂದು ಮಾತು: ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಹೃದಯದ ಬಡಿತವನ್ನೇ ನಿಧಾನಗೊಳಿಸುತ್ತವೆ. ಅಂಥವರು ಈ ಲೆಕ್ಕವನ್ನು ಹಿಡಿದು 'ಇನ್ನೂ ಬಡಿತ ಏರಿಲ್ಲ' ಎಂದು ಓಟ ಹೆಚ್ಚಿಸಿದರೆ ಅಪಾಯವುಂಟು.

ಎತ್ತರ, ತೂಕದ ಲೆಕ್ಕವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅದರ ಮೂಲ 19ನೆಯ ಶತಮಾನದಲ್ಲಿ 'ಸರಾಸರಿ ಮನುಷ್ಯ'ನನ್ನು ಹುಡುಕಿದ ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞ. ಅವನು ಹುಡುಕಿದ್ದು ಜನಸಮೂಹದ ಲಕ್ಷಣವನ್ನು, ರೋಗಿಯ ಲಕ್ಷಣವನ್ನಲ್ಲ. ದೊಡ್ಡವರ ಪಟ್ಟಿಯನ್ನು ಮಕ್ಕಳಿಗೆ ಹಿಡಿಯಲೇಬಾರದು. ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಬೇರೆ ಪಟ್ಟಿಗಳಿವೆ.

ಹಾಗಾದರೆ ಸರಾಸರಿ ಎಂಬುದೇ ಸುಳ್ಳೇ? ಅಲ್ಲ. ನಮ್ಮ ಕಾಸರಗೋಡಿನ ಮಳೆಯನ್ನೇ ತೆಗೆದುಕೊಳ್ಳಿರಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. 365ರಿಂದ ಭಾಗಿಸಿದರೆ ದಿನಕ್ಕೆ ಹತ್ತು ಮಿಲಿಮೀಟರಿಗೆ ತುಸು ಕಡಿಮೆ. ಲೆಕ್ಕ ಸರಿ. ಈ ಲೆಕ್ಕವನ್ನು ನಂಬಿ ಮಾರ್ಚ್ ತಿಂಗಳಲ್ಲಿ ತೋಟಕ್ಕೆ ನೀರು ಬಿಡದೆ ಕುಳಿತವನ ಅಡಿಕೆ ಏನಾದೀತು? ಆಷಾಢದಲ್ಲಿ ಕೊಡೆಯಿಲ್ಲದೆ ಹೊರಟವನ ಪುಸ್ತಕದ ಚೀಲ ಏನಾದೀತು? ಜಿಲ್ಲೆಯ ನೀರಿನ ಯೋಜನೆ ಮಾಡುವವರಿಗೆ ಬೇಕಾದ ಅಂಕೆ ಬೇರೆ. ಇವತ್ತು ಮನೆಯಿಂದ ಹೊರಡುವವನಿಗೆ ಬೇಕಾದುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದೂ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸಬೇಕೆಂದೂ ಹೇಳಿದೆ. ಕೂತೇ ಕಾಲ ಕಳೆಯುವ ಜನ ಎದ್ದು ನಡೆದರೆ ಒಟ್ಟಿನಲ್ಲಿ ರೋಗ ಕಡಿಮೆಯಾಗುತ್ತದೆ ಎಂಬುದು ನಿರ್ವಿವಾದ. ಈ ಲೇಖನ ಓದಿ ಯಾರೂ 'ವ್ಯಾಯಾಮ ಬೇಡವೆಂದು ಮಾಷ್ಟ್ರೇ ಬರೆದಿದ್ದಾರೆ' ಎಂದು ಮನೆಯಲ್ಲಿ ಹೇಳಬಾರದು!

ಸರಾಸರಿಯು ಒಬ್ಬನ ಮೈಗೆ ಹೊಂದುವುದು ಎಷ್ಟು ಅಪೂರ್ವ ಎಂಬುದಕ್ಕೆ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಅಮೆರಿಕದ ವಾಯುಸೇನೆಯು 1950ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ವಿಮಾನ ಚಾಲಕರ ಮೈಯಳತೆ ತೆಗೆಸಿತು. ಚಾಲಕನ ಆಸನವನ್ನು 'ಸರಾಸರಿ ಚಾಲಕ'ನ ಅಳತೆಗೆ ಸರಿಯಾಗಿ ಕಟ್ಟಬೇಕೆಂಬುದು ಉದ್ದೇಶ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಅಧಿಕಾರಿ ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಮೊದಲಾದ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲಿಯೂ ಮಧ್ಯಮ ವರ್ಗಕ್ಕೆ ಸೇರುವವರು ಎಷ್ಟು ಮಂದಿ ಎಂದು ಹುಡುಕಿದ. 4,063 ಮಂದಿಯಲ್ಲಿ ಒಬ್ಬನೂ ಸಿಗಲಿಲ್ಲ. ಎತ್ತರದಲ್ಲಿ ಮಧ್ಯಮನಾದವನ ತೋಳು ಉದ್ದ. ತೋಳು ಸರಿಯಿದ್ದವನ ತೊಡೆ ದಪ್ಪ. ಎಲ್ಲರಿಗೂ ಎಂದು ಕಟ್ಟಿದ ಆಸನ ಯಾರಿಗೂ ಸರಿಯಾಗಿ ಹೊಂದುತ್ತಿರಲಿಲ್ಲ ಎಂದ ಹಾಗಾಯಿತು. ಹಿಂದೆ ಮುಂದೆ ಸರಿಸಬಹುದಾದ ಆಸನಗಳು ಬಂದುದು ಇಂಥ ಅರಿವಿನಿಂದ.

ಹೊರಗಿನ ಅಳತೆಯೇ ಹೀಗಾದರೆ ಒಳಗಿನದು? ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಕ್ಲಾಡ್ ಬುಷಾರ್ ಮುಂತಾದವರು 'ಹೆರಿಟೇಜ್' ಎಂಬ ಅಧ್ಯಯನ ನಡೆಸಿದರು. ಕುಟುಂಬ ಸಮೇತರಾಗಿ ಬಂದ ನೂರಾರು ಜನರಿಗೆ ಇಪ್ಪತ್ತು ವಾರ ಒಂದೇ ಕ್ರಮದ ಸೈಕಲ್ ಅಭ್ಯಾಸ ಮಾಡಿಸಿ, ದೇಹ ಆಮ್ಲಜನಕವನ್ನು ಬಳಸುವ ಶಕ್ತಿ ಎಷ್ಟು ಹೆಚ್ಚಿತೆಂದು ಅಳೆದರು. ಫಲವನ್ನು 1999ರಲ್ಲಿ ಪ್ರಕಟಿಸಿದಾಗ ಸರಾಸರಿ ಏರಿಕೆ ನಿಮಿಷಕ್ಕೆ ಸುಮಾರು 400 ಮಿಲಿಲೀಟರ್. ಆದರೆ ಕೆಲವರಲ್ಲಿ ಏರಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪ. ಮತ್ತೆ ಕೆಲವರಲ್ಲಿ ಒಂದು ಲೀಟರಿಗೂ ಮಿಗಿಲು. ಒಂದೇ ಮನೆಯವರ ಏರಿಕೆಗಳಲ್ಲಿ ಹೋಲಿಕೆಯಿತ್ತು. ಯಾರೂ ತಪ್ಪಿಸಿಕೊಂಡಿರಲಿಲ್ಲ, ಯಾರೂ ಸೋಮಾರಿಗಳಲ್ಲ. 'ದಿನಾ ಅಭ್ಯಾಸ ಮಾಡು, ಅವನ ಹಾಗೆ ನೀನೂ ಓಡುವೆ' ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಅವನ ಹಾಗೆ ಓಡಲಾರದ ಮಗುವೂ ಅಭ್ಯಾಸದಿಂದ ಬೇರೊಂದು ಲಾಭ ಪಡೆಯಬಹುದು. ಆದರೆ ಅವನ ಗಡಿಯಾರದಿಂದ ಇವನನ್ನು ಅಳೆದರೆ ಆ ಲಾಭ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ವ್ಯಾಕರಣದ ಪಾಠದಲ್ಲಿ ನಾವು ಸಂಧಿಯನ್ನು ಹೇಳಿಕೊಡುವಾಗ ಪ್ರಕೃತಿಭಾವವನ್ನೂ ಹೇಳಿಕೊಡುತ್ತೇವೆ. ಸ್ವರದ ಮುಂದೆ ಸ್ವರ ಬಂದರೆ ಸಂಧಿಯಾಗಬೇಕು. ಆದರೆ 'ಅಬ್ಬಾ' ಮುಂತಾದ ಭಾವಸೂಚಕ ಶಬ್ದಗಳ ಮುಂದೆ ಆಗುವುದಿಲ್ಲ. ನಿಯಮ ಹೇಳಿದ ಪುಸ್ತಕವೇ ಅದು ಎಲ್ಲಿ ಸಲ್ಲದೆಂಬುದನ್ನೂ ಹೇಳುತ್ತದೆ. ಗೋಡೆಯ ಮೇಲಿದ್ದ ನನ್ನ ಪಟ್ಟಿಯಲ್ಲಿ ಪ್ರಕೃತಿಭಾವದ ಸೂತ್ರವೇ ಇರಲಿಲ್ಲ.

ಈಗ ಆ ಭಾನುವಾರದ ಸಂಗತಿ. ಹುಡುಗಿಯ ತಾಯಿ ಜಗಲಿಯಲ್ಲಿ ಮಡಿಲಿಗೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಿಟ್ಟಾಗುವರೆಂದು ಭಾವಿಸಿದ್ದೆ. "ಅವಳಿಗೆ ಮೊದಲೇ ಸುಸ್ತು ಇತ್ತು ಮಾಷ್ಟ್ರೇ. ಉದಾಸೀನ ಅಂತ ನಾವೂ ಬೈದದ್ದುಂಟು. ನೀವು ಓಡಿಸಿದ ಕಾರಣ ಗೊತ್ತಾಯಿತು," ಎಂದರು. ಈ ಮಾತು ನನ್ನನ್ನು ಸಮಾಧಾನಪಡಿಸಲು ಆಡಿದ್ದೆಂದು ನನಗೆ ತಿಳಿಯಿತು. ಹುಡುಗಿ ಒಳಗಿನ ಬಾಗಿಲಲ್ಲಿ ನಿಂತಿದ್ದಳು. "ನಾನು ಎಲ್ಲರ ಎದುರು ಹಾಗೆ ಹೇಳಬಾರದಿತ್ತು," ಎಂದೆ. ಅವಳು ಏನೂ ಹೇಳಲಿಲ್ಲ. ಮರುದಿನ ತರಗತಿಯಲ್ಲಿಯೂ ಅದೇ ಮಾತನ್ನು ಹೇಳಿದೆ. ಬೈದದ್ದು ಎಲ್ಲರ ಎದುರಾದುದರಿಂದ.

ಅಷ್ಟರಲ್ಲಿ ಅವಳ ತಂದೆ ಬಂದರು. ಅವರು ಕಂಗು ಹತ್ತುವವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು, ಆಮೇಲೆ ಕೊನೆ ತೆಗೆಯುವುದು. ಬೆಳಗಿನಿಂದ ಮರದಿಂದ ಮರಕ್ಕೆ ಹತ್ತಿ ಇಳಿದು ಬರುವ ಕೆಲಸ. ನನ್ನ ಪಟ್ಟಿಯ ಸುದ್ದಿ ಮಗಳಿಂದ ಅವರಿಗೂ ತಲುಪಿತ್ತು. "ಹಾಗಾದರೆ ಸಂಜೆ ನಾನೂ ಅರ್ಧ ಗಂಟೆ ನಡೆಯಬೇಕಾ ಮಾಷ್ಟ್ರೇ?" ಎಂದು ಕೇಳಿದರು. ಹಾಸ್ಯವಲ್ಲ, ನಿಜವಾಗಿ ಕೇಳಿದ್ದು. ನನ್ನಲ್ಲಿ ಉತ್ತರವಿರಲಿಲ್ಲ.

ಎಲ್.ಪಿ. ಶಾಲೆಯನ್ನು ಕನ್ನಡದಲ್ಲಿಯೂ ಮುಂದಿನದನ್ನು ಮಲಯಾಳದಲ್ಲಿಯೂ ಓದಿದವನು ನಾನು. 'ಕುಳಿ' ಎಂದರೆ ಕನ್ನಡದಲ್ಲಿ ಗುಂಡಿ, ಮಲಯಾಳದಲ್ಲಿ ಸ್ನಾನ. ಕೇಳುವವನು ಯಾರೆಂಬುದರ ಮೇಲೆ ಅರ್ಥ ನಿಲ್ಲುತ್ತದೆಂಬುದನ್ನು ಹತ್ತನೆಯ ವಯಸ್ಸಿನಲ್ಲೇ ನಗೆಪಾಟಲಾಗಿ ಕಲಿತವನು. ಆದರೂ 'ದಿನಾ ನಡೆಯಿರಿ' ಎಂಬ ವಾಕ್ಯವನ್ನು ಬರೆಯುವಾಗ ಕೇಳುವವನು ಯಾರೆಂದು ಯೋಚಿಸಿರಲಿಲ್ಲ. ಆ ಮನೆಯಲ್ಲಿ ಮೂವರಿದ್ದರು. ದಿನವಿಡೀ ಬಾಗಿ ಕುಳಿತಿರುವ ತಾಯಿಗೆ ಬೇಕಾದುದು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ಬೆನ್ನು ಕುತ್ತಿಗೆ ಸಡಿಲಿಸುವುದು, ಮತ್ತು ಸಂಜೆಯ ನಡಿಗೆ. ಮಗಳಿಗೆ ಮೊದಲು ಔಷಧ, ಊಟ; ಆಮೇಲೆ ಸ್ವಲ್ಪ ಸ್ವಲ್ಪವಾಗಿ ಆಟ. ತಂದೆಗೆ ಬೇಕಾದುದು ವಿಶ್ರಾಂತಿ, ನೀರು, ನಿದ್ರೆ. ಡೆನ್ಮಾರ್ಕಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಿಡುವಿನ ವೇಳೆಯ ವ್ಯಾಯಾಮ ಮಾಡುವವರಲ್ಲಿ ಹೃದ್ರೋಗ ಕಡಿಮೆ ಕಂಡರೆ, ದುಡಿಮೆಯಲ್ಲಿ ಭಾರೀ ಶ್ರಮಪಡುವವರಲ್ಲಿ ಹೆಚ್ಚು ಕಂಡಿತು. ಬಡತನ, ನಿದ್ರೆಯ ಕೊರತೆ ಇವೆಲ್ಲ ಇದರಲ್ಲಿ ಎಷ್ಟರ ಮಟ್ಟಿಗೆ ಸೇರಿವೆ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಅದೇನೇ ಇರಲಿ, ದುಡಿಯುವವನ ಬೆವರೂ ಆಟಗಾರನ ಬೆವರೂ ಒಂದೇ ಖಾತೆಗೆ ಜಮೆಯಾಗುವುದಿಲ್ಲ. ನಮ್ಮ ಕಡೆ ಮಾರ್ಚ್ ತಿಂಗಳಿನಿಂದ ಮೇ ತನಕ ಗಾಳಿಯಲ್ಲಿ ತೇವ ಹೆಚ್ಚಿ ಬೆವರು ಆರುವುದೂ ಇಲ್ಲ. ತಂಪು ದೇಶದವರು ಬರೆದ ಓಟದ ಕ್ರಮವನ್ನು ಇಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಮಾಡಿಸುವವರು ಅದನ್ನು ನೆನಪಿಡಬೇಕು.

ಈ ಅಂಕೆಗಳಿಗೆ ಬಹಳ ಹಿಂದೆಯೇ ನಮ್ಮವರು ವ್ಯಾಯಾಮಕ್ಕೆ ಇನ್ನೊಂದು ಬಗೆಯ ಅಳತೆ ಇಟ್ಟಿದ್ದರು. ಕೇರಳದ ವೈದ್ಯರು ಬಹಳವಾಗಿ ನೆಚ್ಚಿದ ವಾಗ್ಭಟನ ಅಷ್ಟಾಂಗಹೃದಯದಲ್ಲಿ, ಬಲವಂತನಾಗಿ ಜಿಡ್ಡಿನ ಆಹಾರ ಉಣ್ಣುವವನು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಅರ್ಧ ಶಕ್ತಿಯಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ ಎಂಬ ಅಭಿಪ್ರಾಯವಿದೆ. ಹಣೆಯಲ್ಲಿ, ಮೂಗಿನ ಮೇಲೆ ಬೆವರು ಮೂಡುವುದು, ಬಾಯಿ ಒಣಗುವುದು ಅರ್ಧ ಶಕ್ತಿಯ ಗುರುತುಗಳೆಂದು ಆಯುರ್ವೇದದಲ್ಲಿ ಹೇಳಿದೆ. ಯಾರ ಶಕ್ತಿಯ ಅರ್ಧ? ಅವರವರದೇ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞ ಕಳೆದ ಶತಮಾನದಲ್ಲಿ, ಶ್ರಮ ಎಷ್ಟೆನಿಸುತ್ತದೆಂದು ಮಾಡುವವನೇ 6ರಿಂದ 20ರ ವರೆಗಿನ ಅಂಕದಲ್ಲಿ ಹೇಳುವ ಒಂದು ಕ್ರಮ ತಂದ. ಇಂದಿಗೂ ಆಸ್ಪತ್ರೆಗಳಲ್ಲಿ ಅದನ್ನು ಬಳಸುತ್ತಾರೆ. ಮನೆಯಲ್ಲಿ ಅದಕ್ಕೂ ಸುಲಭವಾದ ಪರೀಕ್ಷೆಯುಂಟು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ಮಾತೂ ತುಂಡಾಗುತ್ತಿದ್ದರೆ ನಿಮಗೆ ಅದು ಹೆಚ್ಚು, ಪಕ್ಕದವನು ಹಾಡುತ್ತಲೇ ಇದ್ದರೂ ಸರಿ.

ಆದರೆ ಈ ಒಳಗಿನ ಅಳತೆಯೂ ಎಲ್ಲವನ್ನೂ ಹೇಳುವುದಿಲ್ಲ. ಆ ಹುಡುಗಿ ಎಲ್ಲರಿಗೂ ಹೀಗೆಯೇ ಸುಸ್ತಾಗುತ್ತದೆಂದು ತಿಳಿದಿದ್ದಳು. ಅಮೆರಿಕದ ಜಿಮ್ ಫಿಕ್ಸ್ ಎಂಬವನ ಕಥೆ ಇನ್ನೂ ಕಠಿಣ. ಧೂಮಪಾನ ಬಿಟ್ಟು, ಮೂವತ್ತು ದಾಟಿದ ಮೇಲೆ ಓಡಲು ಕಲಿತು, 1977ರಲ್ಲಿ ಓಟದ ಬಗ್ಗೆ ಒಂದು ಪುಸ್ತಕ ಬರೆದು ಲಕ್ಷಾಂತರ ಜನರನ್ನು ಓಡಲು ಹಚ್ಚಿದವನು ಅವನು. 1984ರ ಜುಲೈಯಲ್ಲಿ, 52ನೆಯ ವಯಸ್ಸಿನಲ್ಲಿ, ಓಟದ ವೇಳೆಯಲ್ಲೇ ಹೃದಯಾಘಾತದಿಂದ ತೀರಿಕೊಂಡ. ಹೃದಯದ ರಕ್ತನಾಳಗಳು ಬಹಳ ಮಟ್ಟಿಗೆ ಮುಚ್ಚಿದ್ದವು. ಅವನ ತಂದೆಗೆ 35ರಲ್ಲಿ ಹೃದಯಾಘಾತವಾಗಿತ್ತು, 43ರಲ್ಲಿ ತೀರಿಕೊಂಡಿದ್ದರು. ಓಟವೇ ಅವನನ್ನು ಕೊಂದಿತೆನ್ನುವುದು ಸರಿಯಲ್ಲ; ಅದು ಅವನಿಗೆ ಕೆಲವು ವರ್ಷ ಹೆಚ್ಚು ಕೊಟ್ಟಿರಲೂಬಹುದು. ಎಲ್ಲರಿಗೂ ಹೇಳಿದ ಪುಸ್ತಕದಲ್ಲಿ ಅವನ ತಂದೆಯಿಂದ ಬಂದುದರ ಲೆಕ್ಕ ಇರಲು ಸಾಧ್ಯವಿರಲಿಲ್ಲ, ಅಷ್ಟೆ.

ಆದುದರಿಂದ ಪೋಷಕರು ಕೆಲವು ಸಂಗತಿಗಳನ್ನು ತಾವಾಗಿಯೇ ಶಾಲೆಗೆ ತಿಳಿಸಬೇಕು. ಮಗು ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿದ್ದರೆ, ಎದೆ ನೋವೆಂದಿದ್ದರೆ, ಎದೆ ತಾಳ ತಪ್ಪಿ ಹೊಡೆದುಕೊಳ್ಳುತ್ತದೆ ಎಂದಿದ್ದರೆ, ಓಟದ ಬಳಿಕ ಉಸಿರಿನಲ್ಲಿ ಸಿಳ್ಳು ಕೇಳಿದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾರಣದಿಂದ ಯಾರಾದರೂ ತೀರಿಕೊಂಡಿದ್ದರೆ, ಮೊದಲು ವೈದ್ಯರಿಗೆ ತೋರಿಸಿರಿ. ಆಮೇಲೆ ಆಟ. ನಾಚಿಕೆಯಿಂದಲೋ ಮಗುವನ್ನು ಆಟದಿಂದ ಬಿಡುವರೆಂಬ ಹೆದರಿಕೆಯಿಂದಲೋ ಮುಚ್ಚಿಡಬೇಡಿರಿ.

ರಕ್ತಹೀನತೆಯ ಬಗ್ಗೆ ಇನ್ನೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಇದೂ ಒಂದು ಸರಾಸರಿಯೇ. ನಿಮ್ಮ ಮಗಳು ಆ 59ರಲ್ಲಿ ಇದ್ದಾಳೋ ಉಳಿದ 41ರಲ್ಲೋ ಎಂಬುದನ್ನು ಸಮೀಕ್ಷೆ ಹೇಳಲಾರದು. ಒಂದು ಹನಿ ರಕ್ತ ಹೇಳುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಕಿಟಕಿಯಿಂದ ಎಸೆಯುವವರಿದ್ದಾರೆ (ಯಾರೆಂದು ನನಗೆ ಗೊತ್ತು). ಊಟದ ಬಳಿಕ ತೆಗೆದುಕೊಂಡರೆ ಆ ತೊಂದರೆ ಕಡಿಮೆ. ಅದರ ಬೆನ್ನಿಗೇ ಚಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ತಗ್ಗುತ್ತದೆ. ನಿಂಬೆ, ನೆಲ್ಲಿ ಅದಕ್ಕೆ ಸಹಾಯಕ.

ನಮ್ಮ ಹುಡುಗಿ ವೈದ್ಯರು ಹೇಳಿದಂತೆ ಕೆಲವು ತಿಂಗಳು ಮಾತ್ರೆ ತೆಗೆದುಕೊಂಡಳು. ವರ್ಷದ ಕೊನೆಗೆ ನಾಲ್ಕು ಸುತ್ತು ಮುಗಿಸಿದಳು. ಎಲ್ಲರಿಗಿಂತ ಹಿಂದೆ, ಆದರೆ ಪಕ್ಕದವಳೊಡನೆ ಮಾತಾಡುತ್ತ. ಅವಳ ತಂದೆ ಸಂಜೆ ನಡೆಯುವುದಿಲ್ಲ. ಬೇಗ ಮಲಗುತ್ತಾರಂತೆ.

ಗೋಡೆಯ ಪಟ್ಟಿಯನ್ನು ನಾನು ತೆಗೆದೆ. ಈಗ ನನ್ನ ತರಗತಿಯ ಪ್ರತಿಯೊಬ್ಬನಿಗೂ ಒಂದು ನಲವತ್ತು ಪುಟದ ಪುಸ್ತಕವಿದೆ. ಬೆಳಗ್ಗೆ ಏಳುವಾಗಿನ ನಾಡಿಬಡಿತ, ಹಿಂದಿನ ರಾತ್ರಿಯ ನಿದ್ರೆ, ಅಂದು ಮಾಡಿದ ಮನೆಗೆಲಸ, ಓಟ ನಿಲ್ಲಿಸಿದ ಎರಡು ನಿಮಿಷದ ಬಳಿಕದ ಬಡಿತ, ಹೇಗೆನಿಸಿತು ಎಂಬ ಒಂದು ವಾಕ್ಯ. ಒಂದೇ ಬೆಂಚಿನಲ್ಲಿ ಒಬ್ಬನ ನಾಡಿ 66, ಇನ್ನೊಬ್ಬನದು 88. ಇಬ್ಬರೂ ಚೆನ್ನಾಗಿಯೇ ಇದ್ದಾರೆ. ಒಬ್ಬೊಬ್ಬರನ್ನು ಅವರದೇ ಹಿಂದಿನ ತಿಂಗಳಿನೊಡನೆ ಹೋಲಿಸುತ್ತೇವೆ. ವಾಕ್ಯಗಳಲ್ಲಿನ ಕಾಗುಣಿತದ ತಪ್ಪುಗಳನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ, ಅಂಕೆಗಳನ್ನು ಮುಟ್ಟುವುದಿಲ್ಲ. ಪುಸ್ತಕಗಳು ಅಧ್ಯಾಪಕರ ಕೊಠಡಿಯ ಕಪಾಟಿನಲ್ಲಿವೆ; ಸಭೆಗೆ ಬಂದ ದಿನ ಪೋಷಕರು ತಮ್ಮ ಮಕ್ಕಳದನ್ನು ಕೇಳಿ ನೋಡಬಹುದು.